ಪ್ರಾರ್ಥನೆ ಮತ್ತು ಸತ್ಯವೇದದ ಓದಿನಲ್ಲಿ ಶಿಸ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಯುವಜನರ ಕೂಟಗಳಲ್ಲೂ ಮನೆ ಪ್ರಾರ್ಥನೆಗಳಲ್ಲೂ ಮತ್ತೆ ಮತ್ತೆ ಎದುರಾಗುವಂಥವು. ಕೇಳುವವರಲ್ಲಿ ಹೆಚ್ಚಿನವರು ನಂಬಿಕೆಗೆ ಹೊಸಬರಲ್ಲ. ದೀಕ್ಷಾಸ್ನಾನವಾಗಿ ವರ್ಷಗಳೇ ಕಳೆದಿವೆ, ಭಾನುವಾರದ ಆರಾಧನೆಯನ್ನು ತಪ್ಪಿಸುವುದಿಲ್ಲ. ಆದರೆ ಸೋಮವಾರದಿಂದ ಶನಿವಾರದವರೆಗೆ ಸತ್ಯವೇದ ಕಪಾಟಿನಲ್ಲೇ ಉಳಿಯುತ್ತದೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ವಚನಗಳ ಗುರುತು ಕೊಟ್ಟಿರುವ ಕಡೆ ದಯವಿಟ್ಟು ಪುಸ್ತಕ ತೆರೆದು ನೋಡಿ. ನನ್ನ ಮಾತಿಗಿಂತ ಆ ವಚನಗಳು ಮುಖ್ಯ.

ರಕ್ಷಣೆ ಕೃಪೆಯಿಂದಲೇ ಎಂದ ಮೇಲೆ ನಿಯಮ, ಶ್ರಮ ಇವೆಲ್ಲ ಏಕೆ?

ಇದಕ್ಕೆ ಮೊದಲೇ ಉತ್ತರ ಕಂಡುಕೊಳ್ಳದಿದ್ದರೆ ಮುಂದಿನದೆಲ್ಲ ಹೊರೆಯಾಗುತ್ತದೆ. ದೇವರ ಮೆಚ್ಚುಗೆ ಸಂಪಾದಿಸಲೆಂದು ಪ್ರಾರ್ಥಿಸುವುದಾದರೆ ಆ ಪ್ರಾರ್ಥನೆ ವ್ಯರ್ಥ. ಕ್ರಿಸ್ತನಲ್ಲಿ ಅದು ನಮಗೆ ಆಗಲೇ ದೊರೆತಿದೆ. ಆದರೆ ಕೃಪೆಯನ್ನು ಅಷ್ಟು ಬಲವಾಗಿ ಸಾರಿದ ಪೌಲನೇ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (15:10) ತಾನು ಉಳಿದ ಅಪೊಸ್ತಲರೆಲ್ಲರಿಗಿಂತ ಹೆಚ್ಚು ಪ್ರಯಾಸಪಟ್ಟೆನೆಂದು ಹೇಳುತ್ತಾನೆ. ಅದೇ ಉಸಿರಿನಲ್ಲಿ, ಪ್ರಯಾಸಪಟ್ಟದ್ದು ನಾನಲ್ಲ, ನನ್ನೊಂದಿಗಿದ್ದ ದೇವರ ಕೃಪೆ ಎನ್ನುತ್ತಾನೆ. ಕೃಪೆ ಅವನನ್ನು ಕೂರಿಸಲಿಲ್ಲ, ಎಬ್ಬಿಸಿತು. ತಿಮೊಥೆಯನಿಗೆ, ದೇವಭಕ್ತಿಯ ವಿಷಯದಲ್ಲಿ ಸಾಧನೆ ಮಾಡಿಕೋ ಎಂದು ಬರೆದವನೂ ಅವನೇ (1 ತಿಮೊಥೆಯ 4:7).

ಕೃಪೆಯ ಹೆಸರು ಹೇಳಿ ಸೋಮಾರಿತನವನ್ನು ಮುಚ್ಚಿಕೊಳ್ಳುವುದು ನಮ್ಮ ಸಭೆಗಳಲ್ಲಿ ಹೆಚ್ಚಾಗಿದೆ ಎಂಬ ನೋವು ನನಗಿದೆ. ಮಕ್ಕಳ ಪರೀಕ್ಷೆಗೆ ನಾಲ್ಕು ಗಂಟೆಗೆ ಏಳುತ್ತೇವೆ. ದೇವರೊಂದಿಗೆ ಕುಳಿತುಕೊಳ್ಳುವ ಮಾತು ಬಂದಾಗ ಮಾತ್ರ, ಆತ್ಮನು ಪ್ರೇರಿಸಿದಾಗ ಮಾಡುತ್ತೇನೆ ಎನ್ನುತ್ತೇವೆ.

ದಿನಕ್ಕೆ ಎಷ್ಟು ಹೊತ್ತು ಸಾಕು?

ಆರಂಭಿಸುವವರಿಗೆ ಇಪ್ಪತ್ತು ನಿಮಿಷ. ಅದರಲ್ಲಿ ಹೆಚ್ಚು ಭಾಗ ಓದು, ಉಳಿದದ್ದು ಪ್ರಾರ್ಥನೆ. ಉಜ್ಜೀವನ ಕೂಟದ ರಾತ್ರಿ ಉತ್ಸಾಹದಲ್ಲಿ ದಿನಕ್ಕೆರಡು ತಾಸು ಎಂದು ಹರಕೆ ಹೊರುವವರು ಎರಡನೆಯ ವಾರಕ್ಕೇ ಸೋತು, ಆಮೇಲೆ ಐದು ನಿಮಿಷವೂ ಕೂರದಂತಾಗುತ್ತಾರೆ. ಕಡಿಮೆ ಇರಲಿ, ಆದರೆ ನಿತ್ಯ ಇರಲಿ. ಹಸಿವೆ ಹೆಚ್ಚಿದಂತೆ ಹೊತ್ತು ತಾನಾಗಿ ಬೆಳೆಯುತ್ತದೆ.

ಬೆಳಗಿನ ಜಾವವೇ ಆಗಬೇಕೇ?

ಆದರೆ ಒಳ್ಳೆಯದು, ಆಗಲೇಬೇಕೆಂಬ ಆಜ್ಞೆ ಇಲ್ಲ. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು. ಕೀರ್ತನೆ 55:17ರಲ್ಲಿ ಸಾಯಂಕಾಲ, ಮುಂಜಾನೆ, ಮಧ್ಯಾಹ್ನ ಮೂರೂ ಬರುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್, ನಸುಕಿನಲ್ಲೇ ಕಾರ್ಖಾನೆಯ ಬಸ್ ಹಿಡಿಯುವ ಹೆಣ್ಣುಮಗಳು, ಹಸುಗೂಸಿನ ತಾಯಿ, ಇವರಿಗೆಲ್ಲ ಒಂದೇ ಗಂಟೆಯನ್ನು ಕಟ್ಟಬಾರದು. ನಿಮ್ಮ ದಿನದಲ್ಲಿ ತಲೆ ತಿಳಿಯಾಗಿರುವ ಹೊತ್ತು ಯಾವುದು? ಅದನ್ನು ಕೊಡಿ. ಕಣ್ಣು ಎಳೆಯುವಾಗ ಉಳಿದ ಚೂರುಪಾರು ಹೊತ್ತನ್ನು ಕೊಡಬೇಡಿ.

ಹೊತ್ತು ಯಾವುದೇ ಇರಲಿ, ಅದು ದಿನದಿನವೂ ಒಂದೇ ಆಗಿರಲಿ, ಜಾಗವೂ ಒಂದೇ ಆಗಿರಲಿ. ದಾನಿಯೇಲನ ಕಥೆಯಲ್ಲಿ (6:10) ನಾವು ಬೇಗ ದಾಟಿಬಿಡುವ ಒಂದು ಮಾತಿದೆ. ಮೂವತ್ತು ದಿನ ರಾಜನ ಹೊರತು ಬೇರಾರಿಗೂ ವಿಜ್ಞಾಪಿಸಬಾರದೆಂಬ ಶಾಸನ ಬಂದದ್ದು ತಿಳಿದ ಮೇಲೆಯೂ ಅವನು ಮೊದಲು ಮಾಡುತ್ತಿದ್ದಂತೆಯೇ ಪ್ರಾರ್ಥಿಸಿದನು. ಸಿಂಹಗಳ ಗವಿಯ ಭಯ ಎದುರಾದ ದಿನ ಅವನು ಹೊಸದಾಗಿ ಏನನ್ನೂ ಶುರುಮಾಡಲಿಲ್ಲ. ಆ ಧೈರ್ಯ ಹುಟ್ಟಿದ್ದು ಹಿಂದಿನ ಎಷ್ಟೋ ವರ್ಷಗಳ ಸಾಮಾನ್ಯ ದಿನಗಳಲ್ಲಿ.

ಮೊದಲು ಪ್ರಾರ್ಥನೆಯೋ, ಓದೋ?

ಒಂದು ಸಣ್ಣ ಬಿನ್ನಹ, ಆಮೇಲೆ ಓದು, ಆಮೇಲೆ ಪ್ರಾರ್ಥನೆ. ಇದು ನನ್ನ ಬಲವಾದ ಶಿಫಾರಸು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಪ್ರಾರ್ಥನೆಗೇ ಹೆಸರಾದವರು. ಅವರು 1841ರಲ್ಲಿ ಬರೆದಿಟ್ಟ ಅನುಭವ ಹೀಗಿದೆ: ವರ್ಷಗಟ್ಟಲೆ ಬೆಳಗ್ಗೆ ಎದ್ದವರೇ ಪ್ರಾರ್ಥನೆಗೆ ತೊಡಗುತ್ತಿದ್ದರು, ಬಹಳ ಸಲ ಮೊದಲ ಕಾಲು ತಾಸೋ ಅರ್ಧ ತಾಸೋ ಮನಸ್ಸು ಅಲೆದು ಹೋಗುತ್ತಿತ್ತು. ಮೊದಲು ವಾಕ್ಯವನ್ನು ಓದಿ ಧ್ಯಾನಿಸತೊಡಗಿದ ಮೇಲೆ ಆ ಧ್ಯಾನವೇ ಅರಿಕೆಯಾಗಿ, ಸ್ತೋತ್ರವಾಗಿ, ಬೇಡಿಕೆಯಾಗಿ ತಿರುಗುತ್ತಿತ್ತು. ದೇವರು ಮೊದಲು ಮಾತಾಡಲಿ, ನಾವು ಉತ್ತರ ಕೊಡೋಣ.

ಎಲ್ಲಿಂದ ಓದಲು ಶುರುಮಾಡಲಿ? ಪ್ರತಿ ಜನವರಿಯಲ್ಲೂ ಆದಿಕಾಂಡದಿಂದ ಹೊರಟು ಯಾಜಕಕಾಂಡದಲ್ಲಿ ನಿಂತುಬಿಡುತ್ತೇನೆ.

ಮಾರ್ಕನಿಂದ ಶುರುಮಾಡಿ. ಹದಿನಾರೇ ಅಧ್ಯಾಯ, ಒಂದು ಭಾನುವಾರ ಮಧ್ಯಾಹ್ನ ಒಂದೇ ಕೂರಿಕೆಯಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ಹಾಗೆ ಇಡಿಯಾಗಿ ಓದಿದವರಿಗೆ ಸುವಾರ್ತೆಯ ವೇಗ, ಶಿಷ್ಯರ ಮಂದಬುದ್ಧಿ, ಶಿಲುಬೆಯ ಕಡೆಗಿನ ನಡಿಗೆ ಇವೆಲ್ಲ ಮೊದಲ ಸಲ ಕಣ್ಣಿಗೆ ಬೀಳುತ್ತವೆ. ಅನಂತರ ಫಿಲಿಪ್ಪಿಯವರಿಗೆ ಬರೆದ ಪತ್ರ, ಅಪೊಸ್ತಲರ ಕೃತ್ಯಗಳು, ಆದಿಕಾಂಡ, ವಿಮೋಚನಕಾಂಡ. ಯಾಜಕಕಾಂಡವನ್ನು ಇಬ್ರಿಯರಿಗೆ ಬರೆದ ಪತ್ರದ ಜೊತೆ ಇಟ್ಟು ಓದಿ. ಬಲಿ, ಯಾಜಕ, ರಕ್ತ ಎಂಬುದೆಲ್ಲ ಯಾರ ಕಡೆಗೆ ಬೆರಳು ತೋರುತ್ತಿತ್ತು ಎಂದು ತಿಳಿದ ಮೇಲೆ ಅಲ್ಲಿ ನಿಲ್ಲುವ ಮನಸ್ಸೇ ಬರುವುದಿಲ್ಲ.

ಲೆಕ್ಕ ಬೇಕಾದವರಿಗೆ: ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಓದಿದರೆ 52 ವಾರದಲ್ಲಿ ಸರಿಯಾಗಿ ಮುಗಿಯುತ್ತದೆ, ಶನಿವಾರ ಭಾನುವಾರ ಬಿಟ್ಟದ್ದನ್ನು ತುಂಬಿಕೊಳ್ಳಲು ಉಳಿಯುತ್ತವೆ. ಪ್ರಾಟೆಸ್ಟಂಟ್ ಸತ್ಯವೇದದ 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯಗಳು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಮೂರು, ಭಾನುವಾರ ಐದು ಎಂದರೆ ಒಂದು ವರ್ಷ. ಸ್ಕಾಟ್‌ಲೆಂಡಿನ ಡಂಡೀ ಊರಿನ ಯುವ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಶೇನ್ ತಮ್ಮ ಸಭೆಯವರಿಗೆಂದು 1842ರಲ್ಲಿ ಸಿದ್ಧಪಡಿಸಿದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಅದರಂತೆ ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಆಗುತ್ತವೆ. ಆದರೆ ಗುರುತು ಹಾಕುವ ಸಂತೋಷಕ್ಕೆ ಓಡಬೇಡಿ. ಒಂದು ವಚನ ಹಿಡಿದು ನಿಲ್ಲಿಸಿದರೆ ಆ ದಿನದ ಪಟ್ಟಿ ಕಾಯಲಿ.

ಓದುತ್ತೇನೆ, ಆದರೆ ಪುಸ್ತಕ ಮುಚ್ಚಿದ ಕೂಡಲೇ ಏನು ಓದಿದೆನೆಂದೇ ನೆನಪಿರುವುದಿಲ್ಲ.

ಏಕೆಂದರೆ ಕಣ್ಣು ಓದಿದೆ, ಕೈ ಕೆಲಸ ಮಾಡಿಲ್ಲ. ಒಂದು ನೋಟುಪುಸ್ತಕ, ಒಂದು ಪೆನ್ನು ಇಟ್ಟುಕೊಳ್ಳಿ. ವಾಕ್ಯಭಾಗವನ್ನು ಎರಡು ಸಲ ಓದಿ. ಎರಡನೆಯ ಸಲ ಬಾಯಿಬಿಟ್ಟು. ಆಮೇಲೆ ಪ್ರಶ್ನೆ ಹಾಕಿ: ಯಾರು, ಎಲ್ಲಿ, ಯಾವಾಗ, ಇದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು, ಯಾವ ಮಾತು ಮತ್ತೆ ಮತ್ತೆ ಬರುತ್ತದೆ? ವ್ಯಾಖ್ಯಾನದ ಪುಸ್ತಕವನ್ನು ಕೊನೆಗೆ ತೆರೆಯಿರಿ, ಮೊದಲಲ್ಲ.

ಒಂದು ಉದಾಹರಣೆ ಮಾಡಿ ನೋಡೋಣ. ಮಾರ್ಕ 1:35 ಎಲ್ಲರಿಗೂ ಗೊತ್ತು: ಇನ್ನೂ ಕತ್ತಲಿರುವಾಗಲೇ ಯೇಸು ಸ್ವಾಮಿ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಬೆಳಗಿನ ಪ್ರಾರ್ಥನೆಯ ಪ್ರಸಂಗಗಳಲ್ಲಿ ಈ ವಚನವನ್ನು ಒಂಟಿಯಾಗಿ ಕಿತ್ತು ಹೇಳುತ್ತೇವೆ. ಈಗ 21ನೆಯ ವಚನದಿಂದ 39ರವರೆಗೆ ಓದಿ. ಹಿಂದಿನ ದಿನ ಸಬ್ಬತ್, ಯೆಹೂದ್ಯರ ವಿಶ್ರಾಂತಿಯ ದಿನ. ಕಪೆರ್ನೌಮಿನ ಸಭಾಮಂದಿರದಲ್ಲಿ ಉಪದೇಶ, ಅಲ್ಲೇ ದೆವ್ವಹಿಡಿದವನ ಬಿಡುಗಡೆ, ಅಲ್ಲಿಂದ ಸೀಮೋನನ ಮನೆ, ಜ್ವರದಿಂದ ಮಲಗಿದ್ದ ಅವನ ಅತ್ತೆಗೆ ಸ್ವಸ್ಥತೆ. ಹೊತ್ತು ಮುಳುಗಿ ಸಬ್ಬತ್ ಮುಗಿದದ್ದೇ ತಡ, ಊರಿಗೆ ಊರೇ ಬಾಗಿಲಿಗೆ ಬಂದು ನಿಂತಿತು. ಅಂದರೆ ಆ ಬೆಳಗಿನ ಪ್ರಾರ್ಥನೆ ಬಿಡುವಿನ ದಿನದ್ದಲ್ಲ. ಅತಿ ದಣಿದ ರಾತ್ರಿಯ ಮರುದಿನದ್ದು.

ಇನ್ನು ಮುಂದಿನ ವಚನಗಳು. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎನ್ನುತ್ತಾರೆ. ಯಾವ ಬೋಧಕನಿಗೂ ಇದಕ್ಕಿಂತ ಸಿಹಿ ಸುದ್ದಿಯಿಲ್ಲ. ಆದರೆ ಯೇಸು ಸ್ವಾಮಿ ಆ ಜನರ ಬಳಿಗೆ ಹಿಂದಿರುಗಲಿಲ್ಲ. ಹತ್ತಿರದ ಬೇರೆ ಊರುಗಳಿಗೆ ಹೋಗೋಣ, ಅಲ್ಲಿಯೂ ಸಾರಬೇಕು, ನಾನು ಬಂದದ್ದು ಅದಕ್ಕಾಗಿಯೇ ಎಂದರು. ಪ್ರಾರ್ಥನೆಯ ಮೊದಲೂ ಕೊನೆಯೂ ನೋಡಿದಾಗ ಕಾಣುವುದು ಇದು: ಜನಪ್ರಿಯತೆ ಕೈಹಿಡಿದು ಎಳೆಯುವಾಗ, ತಂದೆಯ ಮುಂದೆ ಕಳೆದ ಆ ಕತ್ತಲ ಹೊತ್ತು ಅವರನ್ನು ಬಂದ ಕೆಲಸದಲ್ಲಿ ನೆಲೆಗೊಳಿಸಿತ್ತು. ಈಗ ನೋಟುಪುಸ್ತಕದಲ್ಲಿ ನಿಮಗೆ ನೀವೇ ಕೇಳಿಕೊಳ್ಳಿ: ನನ್ನನ್ನು ಹುಡುಕುತ್ತಿರುವವರೆಲ್ಲರಿಗೂ ಓಗೊಡುವುದರಲ್ಲಿ ನಾನು ಬಿಟ್ಟುಬಿಟ್ಟಿರುವ ಕೆಲಸ ಯಾವುದು? ಅದರ ಉತ್ತರವೇ ಆ ದಿನದ ಪ್ರಾರ್ಥನೆ. ಹೀಗೆ ಓದಿದ ಹತ್ತೊಂಬತ್ತು ವಚನಗಳು ಮರೆತುಹೋಗುವುದಿಲ್ಲ.

ಇಷ್ಟೆಲ್ಲ ಬೌದ್ಧಿಕ ಶ್ರಮ ಬೇಕೇ? ಸರಳ ನಂಬಿಕೆ ಸಾಲದೇ?

ಸರಳ ನಂಬಿಕೆ ಸಾಕು; ಅಲಕ್ಷ್ಯ ಬೇರೆ. ದೇವರನ್ನು ಪೂರ್ಣ ಬುದ್ಧಿಯಿಂದಲೂ ಪ್ರೀತಿಸಬೇಕೆಂದು ಯೇಸು ಸ್ವಾಮಿಯೇ ಹೇಳಿದ್ದಾರೆ (ಮತ್ತಾಯ 22:37). ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಅವರನ್ನು ನೆನೆಯಿರಿ. ಸಂಸ್ಕೃತದ ವಿದುಷಿಯಾಗಿದ್ದ ಅವರು ಕ್ರಿಸ್ತನನ್ನು ನಂಬಿದ ಮೇಲೆ, ಮಹಾರಾಷ್ಟ್ರದ ಕೇಡಗಾಂವ್‌ನಲ್ಲಿ ನೂರಾರು ವಿಧವೆಯರನ್ನೂ ಅನಾಥ ಹೆಣ್ಣುಮಕ್ಕಳನ್ನೂ ಸಾಕುವ ಹೊಣೆಯ ನಡುವೆಯೇ ಹೀಬ್ರೂ ಮತ್ತು ಗ್ರೀಕ್ ಕಲಿತರು. ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದ ದೊರೆಯಲಿ ಎಂದು ಅನುವಾದಕ್ಕೆ ಕುಳಿತರು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಅವರ ಕೈಯಲ್ಲಿತ್ತು. ಅದೇ ಆಶ್ರಮ ಪ್ರಾರ್ಥನೆಗೂ 1905ರ ಉಜ್ಜೀವನಕ್ಕೂ ಹೆಸರಾಯಿತು. ಮೊಣಕಾಲೂ ವ್ಯಾಕರಣವೂ ಒಂದೇ ಸೂರಿನಡಿ ಇದ್ದವು.

ಕನ್ನಡ ಸತ್ಯವೇದದ ಭಾಷೆ ಹಳೆಯದು, ಅರ್ಥವಾಗುವುದಿಲ್ಲ. ಏನು ಮಾಡಲಿ?

ಎರಡು ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಸಭೆಯಲ್ಲಿ ಬಳಸುವ ಹಳೆಯ ‘ಸತ್ಯವೇದವು’ ಒಂದು, ಸರಳ ಕನ್ನಡದ ಹೊಸ ಅನುವಾದ ಒಂದು. ವೇಗದ ಓದಿಗೆ ಹೊಸದು, ಬಾಯಿಪಾಠಕ್ಕೆ ಹಳೆಯದು ಎಂಬುದು ನನ್ನ ಪದ್ಧತಿ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬ ಬಿಗಿಯನ್ನು ಸರಳೀಕರಣಗಳು ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ಕನ್ನಡದಲ್ಲಿ ಈ ಪುಸ್ತಕ ನಮಗೆ ಸುಲಭವಾಗಿ ಬಂದದ್ದಲ್ಲ. ಬಳ್ಳಾರಿಯಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ವರ್ಷಗಳ ದುಡಿಮೆಯ ಫಲವಾಗಿ 1831ರಲ್ಲಿ ಇಡೀ ಸತ್ಯವೇದ ಕನ್ನಡದಲ್ಲಿ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಆಮೇಲೆ ಅದರ ಪರಿಷ್ಕರಣೆಗೆ ಕೈಹಾಕಿದರು. ಅಷ್ಟು ಬೆವರಿನಿಂದ ದೊರೆತದ್ದನ್ನು ಎರಡು ಕಷ್ಟದ ಪದಗಳಿಗಾಗಿ ಬದಿಗಿಡಬಾರದು. ಪದಕೋಶ ತೆರೆಯಿರಿ, ಅಥವಾ ಮನೆಯ ಹಿರಿಯರನ್ನು ಕೇಳಿ.

ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಮೊಬೈಲಿನಲ್ಲಿ ಕನ್ನಡ ಸತ್ಯವೇದದ ಧ್ವನಿಮುದ್ರಣ ಸಿಗುತ್ತದೆ. ಮೊಮ್ಮಕ್ಕಳು ಅಜ್ಜಿಗೆ ಅದನ್ನು ಹಾಕಿಕೊಟ್ಟು ತಾವೂ ಪಕ್ಕದಲ್ಲಿ ಕುಳಿತರೆ ಇನ್ನೂ ಒಳ್ಳೆಯದು.

ಪ್ರಾರ್ಥನೆಗೆ ಕುಳಿತರೆ ಮನಸ್ಸು ಊರೆಲ್ಲ ಸುತ್ತುತ್ತದೆ, ಇಲ್ಲವೇ ನಿದ್ದೆ ಬರುತ್ತದೆ.

ಗೆತ್ಸೇಮನೆಯಲ್ಲಿ ಪೇತ್ರ, ಯಾಕೋಬ, ಯೋಹಾನರಿಗೂ ನಿದ್ದೆ ಬಂತು. ಕರ್ತನು ಅವರನ್ನು ತಳ್ಳಿಬಿಡಲಿಲ್ಲ. ಆತ್ಮ ಸಿದ್ಧವಾಗಿದ್ದರೂ ದೇಹಕ್ಕೆ ಬಲ ಸಾಲದೆಂದು ಅರಿತು ಹೇಳಿದರು, ಮತ್ತೆ ಎಬ್ಬಿಸಿದರು. ಆದ್ದರಿಂದ ದೇಹಕ್ಕೆ ಉಪಾಯ ಮಾಡಿ. ಹಾಸಿಗೆಯ ಮೇಲೆ ಪ್ರಾರ್ಥಿಸಬೇಡಿ. ಮುಖ ತೊಳೆಯಿರಿ, ನಿಲ್ಲಿರಿ, ಅಂಗಳದಲ್ಲಿ ನಡೆಯುತ್ತ ಪ್ರಾರ್ಥಿಸಿ, ಮೆಲ್ಲಗಾದರೂ ಧ್ವನಿ ತೆಗೆಯಿರಿ. ಪ್ರಾರ್ಥನೆಯನ್ನು ಬರೆಯುವುದಕ್ಕೂ ಸಂಕೋಚ ಬೇಡ.

ಮನಸ್ಸಿನ ಅಲೆದಾಟಕ್ಕೆ ಮಾರ್ಟಿನ್ ಲೂಥರ್ ಕೊಟ್ಟ ಮದ್ದು ಇಂದಿಗೂ ಹಿಡಿಯುತ್ತದೆ. ಹೇಗೆ ಪ್ರಾರ್ಥಿಸಬೇಕೆಂದು ಕೇಳಿದ ತಮ್ಮ ಕ್ಷೌರಿಕ ಪೀಟರ್‌ಗೆ ಅವರು 1535ರಲ್ಲಿ ಸಣ್ಣದೊಂದು ಪುಸ್ತಕವನ್ನೇ ಬರೆದುಕೊಟ್ಟರು. ಒಳ್ಳೆಯ ಕ್ಷೌರಿಕನ ಕಣ್ಣೂ ಮನಸ್ಸೂ ಕತ್ತಿಯ ಮೇಲಿರಬೇಕು. ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗೋ ಕುತ್ತಿಗೆಯೋ ಹೋದೀತು, ಪ್ರಾರ್ಥನೆಗೆ ಅದಕ್ಕಿಂತ ಹೆಚ್ಚು ಗಮನ ಬೇಡವೇ ಎಂದು ಅದರಲ್ಲಿ ಕೇಳುತ್ತಾರೆ. ಅವರ ವಿಧಾನ ಹೀಗಿದೆ: ಕರ್ತನ ಪ್ರಾರ್ಥನೆಯ ಒಂದೊಂದು ಬಿನ್ನಹವನ್ನು ಹಿಡಿದು ಸ್ವಂತ ಮಾತಿನಲ್ಲಿ ವಿಸ್ತರಿಸುವುದು, ಹತ್ತು ಆಜ್ಞೆಗಳಲ್ಲಿ ಒಂದನ್ನು ತೆಗೆದುಕೊಂಡು, ಇದು ನನಗೆ ಏನು ಕಲಿಸುತ್ತದೆ, ಇದಕ್ಕಾಗಿ ಯಾವ ಸ್ತೋತ್ರ, ಯಾವ ಪಾಪದ ಅರಿಕೆ, ಯಾವ ಬೇಡಿಕೆ ಎಂದು ನಾಲ್ಕು ಎಳೆಯಾಗಿ ಹೆಣೆಯುವುದು. ‘ನಿನ್ನ ರಾಜ್ಯವು ಬರಲಿ’ ಎಂಬುದೊಂದನ್ನೇ ಹೀಗೆ ಹಿಡಿದು ನೋಡಿ. ನಿಮ್ಮ ಮನೆ, ನಿಮ್ಮ ಬೀದಿ, ಕಚೇರಿ, ದೇಶ ಒಂದೊಂದಾಗಿ ಅದರೊಳಗೆ ಬರುತ್ತ ಹತ್ತು ನಿಮಿಷ ಸಾಲದಾಗುತ್ತದೆ.

ಬರೆದಿಟ್ಟ ಪ್ರಾರ್ಥನೆಗಳನ್ನು ಓದುವುದು ಯಾಂತ್ರಿಕವಲ್ಲವೇ?

ಅಲ್ಲ. ಕೀರ್ತನೆಗಳೇ ಬರೆದಿಟ್ಟ ಪ್ರಾರ್ಥನೆಗಳು; ಶಿಲುಬೆಯ ಮೇಲೆ ಯೇಸು ಸ್ವಾಮಿ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲನ್ನು. ಮತ್ತಾಯ 6:7 ಖಂಡಿಸುವುದು ಮಾತು ಹೆಚ್ಚಾದರೆ ದೇವರು ಕೇಳುತ್ತಾನೆಂಬ ಭ್ರಮೆಯನ್ನು. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮದಂತೆ ಸನ್ಯಾಸಿಗಳು 150 ಕೀರ್ತನೆಗಳನ್ನು ವಾರಕ್ಕೊಮ್ಮೆ ಹಾಡಿ ಮುಗಿಸುತ್ತಿದ್ದರು. ನಾವು ದಿನಕ್ಕೆ ಐದರಂತೆ ತಿಂಗಳಿಗೊಮ್ಮೆ ಮುಗಿಸಬಹುದು. 119ನೆಯದು ಮಾತ್ರ 176 ವಚನಗಳಷ್ಟು ಉದ್ದ. ಅದಕ್ಕೊಂದು ದಿನವನ್ನೇ ಮೀಸಲಿಡಿ. ಸಭೆಯಲ್ಲಿ ಆಶುಪ್ರಾರ್ಥನೆ ಮಾಡುವವರ ಮಾತುಗಳೂ ವರ್ಷಗಟ್ಟಲೆ ಅವೇ ಆಗಿರುವುದನ್ನು ಗಮನಿಸಿದರೆ, ಕೀರ್ತನೆಗಳ ಭಾಷೆ ನಮಗೆ ಎಷ್ಟು ಬೇಕಾಗಿದೆ ಎಂಬುದು ತಿಳಿಯುತ್ತದೆ.

ಮನಸ್ಸೇ ಇಲ್ಲದಿದ್ದಾಗ ಪ್ರಾರ್ಥಿಸುವುದು ಕಪಟವಲ್ಲವೇ?

ಇಲ್ಲದ ಭಾವವನ್ನು ನಟಿಸಿದರೆ ಕಪಟ. ಮನಸ್ಸಿಲ್ಲ ಎಂಬುದನ್ನೇ ದೇವರಿಗೆ ಹೇಳಿದರೆ ಅದು ಪ್ರಾರ್ಥನೆ. 13ನೆಯ ಕೀರ್ತನೆ ‘ಎಷ್ಟರ ವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಆದರೂ ಅದನ್ನು ಹಾಡಿದವನು ಹಗಲೂ ಇರುಳೂ ನಿನ್ನ ಮುಂದೆ ಕೂಗಿದ್ದೇನೆ ಎನ್ನುತ್ತಾನೆ. ಅಂಥ ಹಾಡನ್ನೂ ದೇವರು ತನ್ನ ವಾಕ್ಯದಲ್ಲಿ ಉಳಿಸಿಕೊಂಡಿದ್ದಾನೆ. ತಿಂಗಳುಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಕೆಟ್ಟಿದೆ ಎಂದಾದರೆ ಅದನ್ನು ಪ್ರಾರ್ಥನೆಯ ಕೊರತೆ ಎಂದು ತೀರ್ಮಾನಿಸದೆ ವೈದ್ಯರನ್ನೂ ಕಾಣಿ. ಎಲೀಯನು ಸಾವನ್ನು ಬೇಡಿದಾಗ ದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು.

ಇತರರಿಗಾಗಿ ಪ್ರಾರ್ಥಿಸುತ್ತೇನೆಂದು ಮಾತು ಕೊಟ್ಟು ಮರೆಯುತ್ತೇನೆ.

ಮಾತು ಕೊಟ್ಟ ಸ್ಥಳದಲ್ಲೇ, ಅವರೊಡನೆಯೇ ಒಂದು ನಿಮಿಷ ಪ್ರಾರ್ಥಿಸಿ. ಉಳಿದಂತೆ ಹೆಸರುಗಳನ್ನು ವಾರದ ದಿನಗಳಿಗೆ ಹಂಚಿ ಬರೆದುಕೊಳ್ಳಿ: ಸೋಮವಾರ ಬಂಧುಗಳು, ಮಂಗಳವಾರ ಸಭೆಯ ರೋಗಿಗಳು, ಬುಧವಾರ ನಿಮ್ಮನ್ನು ನೋಯಿಸಿದವರು, ಹೀಗೆ. ಕೊಲೊಸ್ಸೆಯ ಎಪಫ್ರನನ್ನು ಪೌಲನು ಪರಿಚಯಿಸುವುದೇ, ನಿಮಗಾಗಿ ಯಾವಾಗಲೂ ಪ್ರಾರ್ಥನೆಯಲ್ಲಿ ಹೋರಾಡುವವನು ಎಂದು (4:12). ಅವನ ಪ್ರಸಂಗ ಒಂದೂ ನಮಗೆ ಉಳಿದಿಲ್ಲ, ಆ ಹೋರಾಟದ ಸಾಕ್ಷಿ ಉಳಿದಿದೆ.

ಉಪವಾಸ ಮಾಡಲೇಬೇಕೇ?

‘ನೀವು ಉಪವಾಸ ಮಾಡುವಾಗ’ ಎಂದು ಯೇಸು ಸ್ವಾಮಿ ಹೇಳಿರುವುದರಿಂದ ಶಿಷ್ಯರು ಮಾಡುವರೆಂದು ಅವರು ಎಣಿಸಿದ್ದರು. ವಾರಕ್ಕೊಂದು ಹೊತ್ತಿನ ಊಟ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೆ ಕೊಟ್ಟರೆ ಆರಂಭಕ್ಕೆ ಸಾಕು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಔಷಧಿಯಲ್ಲಿರುವವರು ವೈದ್ಯರನ್ನು ಕೇಳದೆ ಉಪವಾಸಕ್ಕೆ ಇಳಿಯಬಾರದು; ಕೂಟಗಳಲ್ಲಿ ಅವರನ್ನು ಒತ್ತಾಯಿಸುವುದು ತಪ್ಪು.

ಮೊಬೈಲಿನಲ್ಲಿ ಓದಬಹುದೇ?

ಬಸ್ಸಿನಲ್ಲಿ ಓದಿ. ಮನೆಯಲ್ಲಿ ಕಾಗದದ ಪುಸ್ತಕವೇ ಇರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ಬರುವ ದಿನದ ವಚನದ ಚಿತ್ರವನ್ನು ಹತ್ತು ಜನರಿಗೆ ಕಳುಹಿಸುವುದು ಸತ್ಯವೇದದ ಓದಲ್ಲ.

ಮನೆಯಲ್ಲಿ ನಾನೊಬ್ಬನೇ ವಿಶ್ವಾಸಿ. ಎಲ್ಲರೆದುರು ಹೇಗೆ ಪ್ರಾರ್ಥಿಸಲಿ?

ಎಲ್ಲರೆದುರು ಬೇಕಿಲ್ಲ. ಬಾಗಿಲು ಮುಚ್ಚಿ, ಅಂತರಂಗದಲ್ಲಿರುವ ತಂದೆಗೆ ಪ್ರಾರ್ಥಿಸು ಎಂಬ ಮಾತು (ಮತ್ತಾಯ 6:6) ನಿಮಗಾಗಿಯೇ ಇದೆ. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಮಾಳಿಗೆ, ಕೆರೆಯ ದಂಡೆ, ಕೆಲಸದ ಸ್ಥಳದ ಊಟದ ಬಿಡುವು. ಅಪ್ಪ ಅಮ್ಮನ ಮಾತಿಗೆ ಮೃದುವಾಗಿ ಉತ್ತರಿಸಿ, ಮನೆಗೆಲಸದಲ್ಲಿ ಎಲ್ಲರಿಗಿಂತ ಮೊದಲಿರಿ. ಪ್ರಾರ್ಥನೆಯ ನೆಪದಲ್ಲಿ ಅಮ್ಮ ಒಬ್ಬರೇ ನೀರು ಹೊರುವಂತಾಗಬಾರದು.

ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳು ಬೇಸರಿಸುತ್ತಾರೆ.

ಉದ್ದ ಕಡಿಮೆ ಮಾಡಿ. ಒಂದು ಹಾಡು, ಒಂದು ಕಥೆ ಅಥವಾ ಹತ್ತು ವಚನ, ಎರಡು ಸಣ್ಣ ಪ್ರಾರ್ಥನೆ. ಹದಿನೈದು ನಿಮಿಷ ದಾಟದಿರಲಿ. ಓದುವ ಕೆಲಸ ಮಕ್ಕಳಿಗೇ ಕೊಡಿ. ಅವರು ತಪ್ಪು ಓದಿದರೆ ಗದರಬೇಡಿ, ಪ್ರಾರ್ಥನೆಯ ನಡುವೆ ಅವರ ತಪ್ಪುಗಳನ್ನು ದೇವರಿಗೆ ವರದಿ ಒಪ್ಪಿಸಲೂಬೇಡಿ.

ನಡುವೆ ಒಂದು ವಾರ ಬಿಟ್ಟುಹೋದರೆ?

ಅರಿಕೆ ಮಾಡಿ, ಇಂದಿನ ಭಾಗದಿಂದ ಮುಂದುವರಿಯಿರಿ. ಬಾಕಿ ಉಳಿದ ಅಧ್ಯಾಯಗಳನ್ನೆಲ್ಲ ಒಂದೇ ರಾತ್ರಿ ತೀರಿಸಹೊರಟವರು ಮರುದಿನ ಮತ್ತೆ ಬಿಡುತ್ತಾರೆ. ಆದರೆ ಬಿಟ್ಟುಹೋದದ್ದಕ್ಕೆ ಕಾರಣವೇನೆಂದು ಪ್ರಾಮಾಣಿಕವಾಗಿ ನೋಡಿ. ಬಹಳ ಸಲ ಬೆಳಗಿನ ಸೋಲು ಹಿಂದಿನ ರಾತ್ರಿ ಹನ್ನೊಂದೂವರೆಗೆ ಮೊಬೈಲ್ ಹಿಡಿದಾಗಲೇ ಆಗಿರುತ್ತದೆ.

ಒಬ್ಬನೇ ಓದಿದರೆ ತಪ್ಪು ಅರ್ಥ ಮಾಡಿಕೊಳ್ಳುವ ಅಪಾಯವಿಲ್ಲವೇ?

ಇದೆ. ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿ, ಯಾರಾದರೂ ತಿಳಿಸಿಕೊಡದಿದ್ದರೆ ನನಗೆ ಹೇಗೆ ತಿಳಿದೀತು ಎಂದು ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡನು (ಅಪೊಸ್ತಲರ ಕೃತ್ಯಗಳು 8:31). ಇನ್ನೊಂದು ಕಡೆ ಬೆರೋಯದವರು ಸ್ವತಃ ಪೌಲನ ಮಾತನ್ನೇ ದಿನಾಲು ಶಾಸ್ತ್ರಗಳಿಗೆ ಹಚ್ಚಿ ಪರೀಕ್ಷಿಸಿದರು (17:11). ಎರಡೂ ಬೇಕು. ವಾರಕ್ಕೊಂದು ಸಂಜೆ ಇಬ್ಬರು ಮೂವರು ಸೇರಿ, ಒಂದೇ ವಾಕ್ಯಭಾಗವನ್ನು ಮೊದಲೇ ಮನೆಯಲ್ಲಿ ಓದಿ, ತಲಾ ಒಂದು ಪ್ರಶ್ನೆ ಬರೆದುಕೊಂಡು ಬನ್ನಿ. ಉತ್ತರ ಸಿಗದ್ದನ್ನು ಸಭಾಪಾಲಕರ ಮುಂದೆ ಇಡಿ. ಬರುವ ಭಾನುವಾರದ ಪ್ರಸಂಗದ ವಾಕ್ಯಭಾಗ ಯಾವುದೆಂದು ಅವರನ್ನೇ ಮುಂಚಿತವಾಗಿ ಕೇಳಿ, ಶನಿವಾರ ರಾತ್ರಿ ಅದನ್ನು ಓದಿಕೊಂಡು ಹೋಗಿ.